ಲಾಕ್ ಬಿಟ್ಟ ಮೇಲೆ ಉಳಿದದ್ದೇನು?

ಕೆಲವು ವರ್ಷಗಳ ಹಿಂದೆ ನಾನು ಪರಿಶೀಲಿಸಿ ಒಪ್ಪಿಗೆ ಕೊಟ್ಟ, ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಂದು ಪ್ಯಾಚ್ (ಕೋಡ್ ತಿದ್ದುಪಡಿ) ಕೇವಲ ಎಂಟು ಸಾಲಿನದಾಗಿತ್ತು. ಒಂದು ಡ್ರೈವರ್‌ನೊಳಗೆ, ಅಂದರೆ ಸಾಧನವೊಂದನ್ನು ನಡೆಸುವ ಕೋಡ್‌ನೊಳಗೆ, ತೆರೆದಿರುವ ಸಂಪರ್ಕಗಳ ಪಟ್ಟಿಯೊಂದಿತ್ತು. ಆ ಪಟ್ಟಿಯನ್ನು ಒಂದು ಸ್ಪಿನ್‌ಲಾಕ್ ಕಾಯುತ್ತಿತ್ತು. ಲಾಕ್ ಎಂದರೆ ಒಮ್ಮೆಗೆ ಒಬ್ಬರೇ ದತ್ತಾಂಶವನ್ನು ಮುಟ್ಟುವಂತೆ ಮಾಡುವ ಬೀಗ; ಸ್ಪಿನ್‌ಲಾಕ್ ಸಿಗದವನು ನಿದ್ರಿಸದೆ, ಸಿಗುವವರೆಗೆ ಸುತ್ತುತ್ತಲೇ ಕಾಯುತ್ತಾನೆ. ಲಾಕ್ ಹಿಡಿದು ಬೇಕಾದ ಸಂಪರ್ಕವನ್ನು ಹುಡುಕುವುದು, ಅದಕ್ಕೊಂದು ಬಫರ್ (ದತ್ತಾಂಶ ಇಡುವ ಮೆಮೊರಿ ತುಣುಕು) ಜೋಡಿಸುವುದು, ಆಮೇಲೆ ಲಾಕ್ ಬಿಡುವುದು ಹಳೆಯ ಕ್ರಮ. ಆದರೆ ಬಫರ್‌ಗಾಗಿ ಮೆಮೊರಿ ಕೇಳುವ ಕರೆ ನಿದ್ರೆಗೆ ಜಾರಬಹುದಾದದ್ದು (ಮೆಮೊರಿ ಸಿಗುವವರೆಗೆ ಸಿಪಿಯು ಬಿಟ್ಟುಕೊಟ್ಟು ಕಾಯಬಹುದಾದದ್ದು), ಸ್ಪಿನ್‌ಲಾಕ್ ಹಿಡಿದುಕೊಂಡು ನಿದ್ರಿಸುವಂತಿಲ್ಲ. ಈ ತಪ್ಪನ್ನು ತಿದ್ದಲೆಂದು ಪ್ಯಾಚ್ ಬರೆದವರು ಹುಡುಕಾಟ ಮುಗಿದೊಡನೆ ಲಾಕ್ ಬಿಟ್ಟು, ಮೆಮೊರಿ ಪಡೆದು, ಮತ್ತೆ ಲಾಕ್ ಹಿಡಿದು ಬಫರ್ ಜೋಡಿಸಿದ್ದರು. ಹಿಡಿದ ಪ್ರತಿಯೊಂದು ಲಾಕ್‌ಗೂ ಬಿಡುವ ಸಾಲಿದೆಯೇ ಎಂದು ನೋಡಿದೆ, ಇತ್ತು. ಮೆಮೊರಿ ಸಿಗದಿದ್ದಾಗ ಹೊರಬೀಳುವ ದಾರಿ ಸರಿಯಿದೆಯೇ ಎಂದು ನೋಡಿದೆ, ಸರಿಯಿತ್ತು. ಸಂಪರ್ಕದ ಫೀಲ್ಡ್‌ಗಳನ್ನು ಮುಟ್ಟುವ ಪ್ರತಿ ಸಾಲೂ ಲಾಕ್‌ನ ಒಳಗೇ ಇತ್ತು. ಒಪ್ಪಿಗೆ ಬರೆದು ಕಳಿಸಿದೆ.

ತಿಂಗಳುಗಳು ಕಳೆದ ಮೇಲೆ ಕೇಸ್ಯಾನ್ ಒಂದು ವರದಿ ಕೊಟ್ಟಿತು. ಬಿಡುಗಡೆಯಾದ ಮೆಮೊರಿಯನ್ನು ಯಾರಾದರೂ ಮುಟ್ಟಿದರೆ ಹಿಡಿದುಕೊಡುವ ಈ ಉಪಕರಣ 2015ರಲ್ಲಿ, ಲಿನಕ್ಸ್ 4.0 ಆವೃತ್ತಿಯಲ್ಲಿ ಬಂದದ್ದು. ತಪ್ಪು ನಡೆದ ಜಾಗ, ಆ ಮೆಮೊರಿ ಹುಟ್ಟಿದ ಜಾಗ, ಅದು ಬಿಡುಗಡೆಯಾದ ಜಾಗ ಹೀಗೆ ಮೂರು ಕರೆಸರಣಿಗಳನ್ನು ಅದು ಒಟ್ಟಿಗೆ ಮುದ್ರಿಸುತ್ತದೆ. ಮೊದಲನೆಯದು ನಾನು ಒಪ್ಪಿದ ಪ್ಯಾಚ್‌ನ ಏಳನೆಯ ಸಾಲು, ಮೂರನೆಯದು ಸಂಪರ್ಕ ಮುಚ್ಚುವ ಫಂಕ್ಷನ್. ಎರಡು ಲಾಕ್‌ಗಳ ನಡುವಿನ ತೆರಪಿನಲ್ಲಿ ಇನ್ನೊಂದು ಥ್ರೆಡ್ (ಅದೇ ಹೊತ್ತಿಗೆ ಓಡುತ್ತಿರುವ ಇನ್ನೊಂದು ಕೆಲಸದ ಎಳೆ) ಬಂದು ಅದೇ ಸಂಪರ್ಕವನ್ನು ಪಟ್ಟಿಯಿಂದ ತೆಗೆದು ಬಿಡುಗಡೆ ಮಾಡಿತ್ತು. ನಮ್ಮ ಥ್ರೆಡ್ ಮರಳಿ ಬಂದು ವಿಧಿವತ್ತಾಗಿ ಲಾಕ್ ಹಿಡಿದು, ಈಗಿಲ್ಲದ ವಸ್ತುವಿಗೆ ಬಫರ್ ಜೋಡಿಸಿತ್ತು.

ಅಂದಿನಿಂದ ನಾನು ಲಾಕ್‌ಗಳನ್ನು ಎಣಿಸುವುದನ್ನು ಎರಡನೆಯ ಕೆಲಸವಾಗಿ ಇಟ್ಟುಕೊಂಡಿದ್ದೇನೆ. ಮೊದಲನೆಯ ಕೆಲಸ, ಲಾಕ್ ಬಿಡುವ ಪ್ರತಿಯೊಂದು ಸಾಲಿನಲ್ಲಿ ನಿಂತು, ಈ ಕ್ಷಣದವರೆಗೆ ಈ ಫಂಕ್ಷನ್‌ಗೆ ಏನೇನು ಗೊತ್ತಿತ್ತು ಎಂದು ಕೇಳುವುದು. ಸಂಪರ್ಕ ಪಟ್ಟಿಯಲ್ಲಿದೆ, ಸ್ಥಿತಿ ತೆರೆದಿದೆ, ಬಫರ್ ಇನ್ನೂ ಇಲ್ಲ ಎಂಬ ಈ ಮೂರೂ ಲಾಕ್ ಇದ್ದಷ್ಟು ಹೊತ್ತು ಮಾತ್ರ ನಿಜ. ಲಾಕ್ ಬಿಟ್ಟ ಮರುಕ್ಷಣ ಇವು ಕೇವಲ ಹಳೆಯ ಸುದ್ದಿ. ನಾನು ಕಂಡ ರೇಸ್‌ಗಳಲ್ಲಿ, ಅಂದರೆ ಇಬ್ಬರ ಓಟದ ಹಿಂದುಮುಂದಿನಿಂದ ಹುಟ್ಟುವ ತಪ್ಪುಗಳಲ್ಲಿ, ಲಾಕ್ ಹಿಡಿಯಲು ಮರೆತದ್ದರಿಂದ ಆದವು ಕಡಿಮೆ; ಲಾಕ್‌ನ ಒಳಗೆ ತಿಳಿದದ್ದನ್ನು ಹೊರಗೂ ಹೊತ್ತು ತಂದು, ಅದು ಈಗಲೂ ನಿಜವೆಂದು ನಂಬಿ ನಡೆದುಕೊಂಡದ್ದರಿಂದ ಆದವೇ ಹೆಚ್ಚು. ಇಂಥ ತಪ್ಪು ಪ್ಯಾಚ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಆ ಹಳೆಯ ಸುದ್ದಿ ಒಂದು ಸಾಮಾನ್ಯ ಲೋಕಲ್ ವೇರಿಯಬಲ್‌ನಲ್ಲಿ ಕುಳಿತಿರುತ್ತದೆ.

ಈ ಪ್ರಶ್ನೆ ಕೇಳಬೇಕಾದರೆ ಲಾಕ್ ಏನನ್ನು ಕಾಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಲಾಕ್ ಕೋಡ್‌ನ ಒಂದು ತುಣುಕನ್ನು ಕಾಯುತ್ತದೆ ಎಂದುಕೊಳ್ಳುವುದು ಸಹಜ, ಹಿಡಿಯುವ ಮತ್ತು ಬಿಡುವ ಸಾಲುಗಳ ನಡುವೆ ಕಾಣುವುದು ಕೋಡೇ ತಾನೆ. ಆದರೆ ಅದು ಕಾಯುವುದು ದತ್ತಾಂಶವನ್ನು, ಇನ್ನೂ ಸರಿಯಾಗಿ ಹೇಳಬೇಕೆಂದರೆ ದತ್ತಾಂಶದ ಭಾಗಗಳ ನಡುವಿನ ಒಂದು ಒಪ್ಪಂದವನ್ನು. ಪಟ್ಟಿಯಲ್ಲಿ ಎಷ್ಟು ಸಂಪರ್ಕಗಳಿವೆಯೋ ಎಣಿಕೆಯ ಫೀಲ್ಡ್ ಅಷ್ಟೇ ಹೇಳಬೇಕು ಎಂಬುದು ಅಂಥ ಒಂದು ಒಪ್ಪಂದ. ಎಣಿಕೆಯನ್ನು ಅಟಾಮಿಕ್ (ಒಂದೇ ಅವಿಭಾಜ್ಯ ಹೆಜ್ಜೆಯಲ್ಲಿ ಬದಲಾಗುವ) ವೇರಿಯಬಲ್ ಮಾಡಿಬಿಟ್ಟಿದ್ದೇವೆ, ಆದ್ದರಿಂದ ಇನ್ನು ಲಾಕ್ ಬೇಡ ಎನ್ನುವ ಪ್ಯಾಚ್‌ಗಳು ಆಗಾಗ ಬರುತ್ತವೆ. ಪ್ರತಿ ಹೆಜ್ಜೆ ಅಟಾಮಿಕ್ ಆದರೂ ಎರಡು ಹೆಜ್ಜೆಗಳ ನಡುವೆ ಒಪ್ಪಂದ ಮುರಿದಿರುತ್ತದೆ ಮತ್ತು ಇನ್ನೊಂದು ಸಿಪಿಯು ನೋಡುವುದು ಸರಿಯಾಗಿ ಆ ಗಳಿಗೆಯಲ್ಲೇ. ಸ್ಟ್ರಕ್ಟ್‌ನಲ್ಲಿ (ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ರಚನೆಯಲ್ಲಿ) ಲಾಕ್ ಘೋಷಿಸಿದ ಸಾಲಿನ ಪಕ್ಕದಲ್ಲಿ, ಇದು ಈ ಮೂರು ಫೀಲ್ಡ್‌ಗಳನ್ನು ಕಾಯುತ್ತದೆ ಎಂಬ ಟಿಪ್ಪಣಿ ಇಲ್ಲದಿದ್ದರೆ ನಾನು ಉಳಿದ ಪ್ಯಾಚ್ ಓದುವುದನ್ನು ನಿಲ್ಲಿಸಿ ಅದನ್ನೇ ಮೊದಲು ಕೇಳುತ್ತೇನೆ. ಬರೆದವರೇ ಉತ್ತರಿಸಲು ತಡವರಿಸಿದರೆ, ಅರ್ಧ ಪರಿಶೀಲನೆ ಅಲ್ಲಿಗೇ ಮುಗಿದಂತೆ.

ಏನನ್ನು ಕಾಯುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ಲಾಕ್ ಎಂದರೆ ಲಿನಕ್ಸ್ ಲೋಕದಲ್ಲಿ ನೆನಪಾಗುವುದು ಬಿಗ್ ಕರ್ನಲ್ ಲಾಕ್. 1996ರಲ್ಲಿ 2.0 ಆವೃತ್ತಿ ಒಂದಕ್ಕಿಂತ ಹೆಚ್ಚು ಸಿಪಿಯುಗಳ ಯಂತ್ರಗಳಿಗೆ ಬೆಂಬಲ ತಂದಾಗ, ಕರ್ನಲ್‌ನ ಒಳಗೆ ಒಮ್ಮೆಗೆ ಒಂದೇ ಸಿಪಿಯು ಇರಲಿ ಎಂಬ ಸರಳ ಉಪಾಯವಾಗಿ ಅದು ಹುಟ್ಟಿತು. ಅದರ ಸ್ವಭಾವ ವಿಚಿತ್ರವಾಗಿತ್ತು. ಹಿಡಿದವನೇ ಮತ್ತೆ ಹಿಡಿಯಬಹುದಿತ್ತು. ಹಿಡಿದವನು ನಿದ್ರೆಗೆ ಜಾರಿದರೆ, ಸಿಪಿಯುವನ್ನು ಯಾರಿಗೆ ಕೊಡುವುದೆಂದು ನಿರ್ಧರಿಸುವ ಶೆಡ್ಯೂಲರ್ ಅದನ್ನು ಸದ್ದಿಲ್ಲದೆ ಬಿಡಿಸಿ, ಎಚ್ಚರವಾದಾಗ ಮತ್ತೆ ಹಿಡಿಸುತ್ತಿತ್ತು. ಅಂದರೆ ಲಾಕ್ ಬಿಡುವ ಸಾಲು ಕೋಡ್‌ನಲ್ಲಿ ಎಲ್ಲಿಯೂ ಕಾಣದೆಯೇ, ಐದು ಫಂಕ್ಷನ್‌ಗಳ ಆಳದಲ್ಲಿ ನಡೆದ ಒಂದು ಮೆಮೊರಿ ಕೋರಿಕೆಯಿಂದ ಲಾಕ್ ಕೈಬಿಟ್ಟು ಹೋಗಿ, ಹಿಂದೆ ತಿಳಿದದ್ದೆಲ್ಲ ಸುಳ್ಳಾಗಬಹುದಿತ್ತು. ನಾನು ಮೇಲೆ ಹೇಳಿದ ತಪ್ಪನ್ನು ವ್ಯವಸ್ಥೆಯೇ ತನ್ನ ಕೈಯಾರೆ ಮಾಡಿಕೊಡುತ್ತಿತ್ತು ಎನ್ನಬಹುದು. ಪ್ರತಿಯೊಂದು ಬಳಕೆಯ ಜಾಗದಲ್ಲೂ ಇಲ್ಲಿ ನಿಜವಾಗಿ ಕಾಯಬೇಕಾದ ದತ್ತಾಂಶ ಯಾವುದು ಎಂದು ಅಗೆದು ತೆಗೆದು, ಅದಕ್ಕೆ ತಕ್ಕ ಸಣ್ಣ ಲಾಕ್ ಇಡುತ್ತಾ ಹೋಗಬೇಕಾಯಿತು. ಕರ್ನಲ್ ಅಭಿವರ್ಧಕ ಅರ್ನ್ಡ್ ಬರ್ಗ್‌ಮನ್ ಅದರ ಕೊನೆಯ ಕುರುಹನ್ನು ತೆಗೆದದ್ದು 2011ರಲ್ಲಿ, 2.6.39 ಆವೃತ್ತಿಗೆ. ಹಾಕಲು ಒಂದು ಆವೃತ್ತಿ ಸಾಕಾಗಿತ್ತು, ತೆಗೆಯಲು 15 ವರ್ಷ ಹಿಡಿಯಿತು.

ಈಗ ರೆಫರೆನ್ಸ್ ಎಣಿಕೆಗೆ, ಅಂದರೆ ವಸ್ತುವನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಲೆಕ್ಕಕ್ಕೆ (ಅದು ಸೊನ್ನೆಯಾದರೆ ವಸ್ತು ಬಿಡುಗಡೆಯಾಗುತ್ತದೆ) ಬರೋಣ, ಏಕೆಂದರೆ ಲಾಕ್‌ನ ಹೊರಗೂ ಉಳಿಯಬಲ್ಲ ತಿಳಿವಳಿಕೆ ಎಂದರೆ ಅದೊಂದೇ. ಲಾಕ್ ಹಿಡಿದಿರುವಾಗಲೇ ವಸ್ತುವಿನ ಎಣಿಕೆಯನ್ನು ಒಂದು ಏರಿಸಿಕೊಂಡರೆ, ಲಾಕ್ ಬಿಟ್ಟ ಮೇಲೂ ವಸ್ತು ಜೀವಂತವಾಗಿರುತ್ತದೆ ಎಂಬ ಭರವಸೆ ಸಿಗುತ್ತದೆ. ಅದು ಇನ್ನೂ ಪಟ್ಟಿಯಲ್ಲಿದೆ, ಇನ್ನೂ ತೆರೆದಿದೆ ಎಂಬ ಭರವಸೆ ಮಾತ್ರ ಸಿಗುವುದಿಲ್ಲ. ಅವನ್ನು ಲಾಕ್ ಮತ್ತೆ ಹಿಡಿದ ಮೇಲೆ ಹೊಸದಾಗಿ ಕೇಳಬೇಕು. ಈ ಎರಡನ್ನು ಬೆರೆಸುವವರು ಬಹಳ. ಎಣಿಕೆ ಇಳಿಸುವ ಕಡೆ ಇನ್ನೂ ಸೂಕ್ಷ್ಮ. ಕೊನೆಯ ಬಳಕೆದಾರ ಲಾಕ್ ಹಿಡಿಯದೆ ಎಣಿಕೆಯನ್ನು ಸೊನ್ನೆಗೆ ಇಳಿಸಿ, ಅನಂತರ ಪಟ್ಟಿಯಿಂದ ತೆಗೆಯಲೆಂದು ಲಾಕ್‌ಗಾಗಿ ಕಾಯುತ್ತಿದ್ದಾನೆ ಎಂದುಕೊಳ್ಳಿ. ಅಷ್ಟರಲ್ಲಿ ಹುಡುಕಾಟಕ್ಕೆ ಬಂದವನು ಲಾಕ್ ಹಿಡಿದು ಪಟ್ಟಿಯಲ್ಲಿ ಆ ವಸ್ತುವನ್ನು ಕಂಡು, ಸೊನ್ನೆಯಾಗಿದ್ದ ಎಣಿಕೆಯನ್ನು ಒಂದಕ್ಕೆ ಏರಿಸುತ್ತಾನೆ. ಸತ್ತದ್ದು ಎದ್ದು ಕುಳಿತಂತಾಯಿತು, ಆದರೆ ಅಂತ್ಯಸಂಸ್ಕಾರ ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ಪರಿಹಾರ ಎರಡು: ಎಣಿಕೆ ಸೊನ್ನೆ ಅಲ್ಲದಿದ್ದರೆ ಮಾತ್ರ ಏರಿಸುವುದು, ಇಲ್ಲವೇ ಕೊನೆಯ ಇಳಿಕೆಯನ್ನೂ ಪಟ್ಟಿಯಿಂದ ತೆಗೆಯುವುದನ್ನೂ ಒಂದೇ ಲಾಕ್‌ನ ಒಳಗೆ ಮಾಡುವುದು. 2017ರ 4.11 ಆವೃತ್ತಿಯಲ್ಲಿ ಬಂದ ರೆಫ್‌ಕೌಂಟ್ ಎಂಬ ಪ್ರತ್ಯೇಕ ಟೈಪ್ ಸೊನ್ನೆಯಿಂದ ಏರಿಸಿದರೆ ಎಚ್ಚರಿಕೆ ಮುದ್ರಿಸುತ್ತದೆ, ಎಣಿಕೆ ತುಂಬಿ ಹರಿಯುವ ಬದಲು ಮೇಲ್ಮಿತಿಯಲ್ಲೇ ನಿಂತುಬಿಡುತ್ತದೆ. ಸಾಧಾರಣ ಅಟಾಮಿಕ್ ಬಳಸಿ ಎಣಿಕೆ ಇಡುವ ಹೊಸ ಕೋಡ್ ಬಂದರೆ, ಇಷ್ಟಾಗಿಯೂ ಅದೇಕೆ ಎಂದು ನಾನು ಕೇಳದೆ ಬಿಡುವುದಿಲ್ಲ.

ಆರ್‌ಸಿಯುಗೂ (ರೀಡ್-ಕಾಪಿ-ಅಪ್‌ಡೇಟ್) ಇದೇ ಕಣ್ಣು ಬೇಕು. 2002ರಲ್ಲಿ 2.5.43 ಆವೃತ್ತಿಗೆ ಸೇರಿದ ಈ ವಿಧಾನದಲ್ಲಿ ಓದುಗರು ಯಾವ ಲಾಕನ್ನೂ ಹಿಡಿಯುವುದಿಲ್ಲ. ತಾವು ಓದುತ್ತಿರುವ ಅವಧಿಯನ್ನು ಗುರುತು ಮಾಡುತ್ತಾರೆ ಅಷ್ಟೆ, ಆ ಅವಧಿ ಮುಗಿಯುವವರೆಗೆ ಹಳೆಯ ವಸ್ತುವಿನ ಬಿಡುಗಡೆ ಕಾಯುತ್ತದೆ. ಓದುವ ಅವಧಿಯೊಳಗೆ ಸಿಕ್ಕ ಪಾಯಿಂಟರನ್ನು (ವಸ್ತುವಿನ ವಿಳಾಸವನ್ನು) ಅವಧಿ ಮುಗಿಸಿದ ಮೇಲೆ ಹಿಂದಿರುಗಿಸುವ ಫಂಕ್ಷನ್ ಕಂಡರೆ ಅದು ಬಹುಮಟ್ಟಿಗೆ ತಪ್ಪೇ. ಇಷ್ಟಲ್ಲದೆ, ಅವಧಿಯ ಒಳಗೂ ವಸ್ತು ಇರುತ್ತದೆ ಎಂಬ ಮಾತು ಮಾತ್ರ ಸಿಗುತ್ತದೆಯೇ ಹೊರತು, ಅದು ಇಂದಿನದೇ ಎಂಬ ಮಾತು ಸಿಗುವುದಿಲ್ಲ. ಪಟ್ಟಿಯಿಂದ ಆಗಲೇ ತೆಗೆದ ವಸ್ತುವನ್ನು ಓದುಗ ಇನ್ನೂ ನೋಡುತ್ತಿರಬಹುದು.

ಹೊತ್ತು ತಂದ ತಿಳಿವಳಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಡರ್ಟಿ ಕೌ ಎಂದು ಹೆಸರಾದ ದೋಷಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಓದಲು ಮಾತ್ರ ಅನುಮತಿಯಿರುವ ಕಡತವನ್ನು ಖಾಸಗಿಯಾಗಿ ಮೆಮೊರಿಗೆ ಹೊಂದಿಸಿಕೊಂಡ ಪ್ರೋಗ್ರಾಂ, ಕರ್ನಲ್‌ನ ಮೂಲಕ ಆ ಪುಟಕ್ಕೆ (ಕರ್ನಲ್ ಮೆಮೊರಿಯನ್ನು ವಿಂಗಡಿಸುವ ತುಂಡಿಗೆ) ಬರೆಯಲು ಹೋಗುತ್ತದೆ. ಕರ್ನಲ್ ಮೊದಲ ಸುತ್ತಿನಲ್ಲಿ ಬರೆಯಲು ಬಾರದ ಪುಟವೆಂದು ಕಂಡು ಅದರ ಖಾಸಗಿ ಪ್ರತಿಯನ್ನು ಮಾಡುತ್ತದೆ. ಪ್ರತಿ ಸಿದ್ಧವಾಯಿತು, ಇನ್ನು ಬರೆಯುವ ಅನುಮತಿಯನ್ನು ಮತ್ತೆ ಪರೀಕ್ಷಿಸಬೇಕಾಗಿಲ್ಲ ಎಂದುಕೊಂಡು, ಬರೆಯಬೇಕೆಂಬ ಗುರುತನ್ನೇ ಕೋರಿಕೆಯಿಂದ ಅಳಿಸಿ ಇನ್ನೊಂದು ಸುತ್ತು ಪುಟವನ್ನು ಹುಡುಕುತ್ತದೆ. ಈ ಎರಡು ಸುತ್ತುಗಳ ನಡುವೆ ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್, ಈ ಪುಟ ನನಗೆ ಬೇಡ ಎಂದು ಹೇಳಿ ಖಾಸಗಿ ಪ್ರತಿಯನ್ನು ಎಸೆದುಬಿಟ್ಟರೆ, ಹುಡುಕಾಟಕ್ಕೆ ಸಿಗುವುದು ಕಡತದ ಮೂಲ ಪುಟ. ಬರೆಯುವ ಗುರುತು ಅಳಿದಿರುವುದರಿಂದ ಯಾವ ಆಕ್ಷೇಪವೂ ಬರುವುದಿಲ್ಲ. ಬರಹ ನೇರವಾಗಿ ಮೂಲಕ್ಕೇ ಬೀಳುತ್ತದೆ. 2007ರ 2.6.22 ಆವೃತ್ತಿಯಿಂದ 2016ರ ಅಕ್ಟೋಬರ್‌ವರೆಗಿನ ಕರ್ನಲ್‌ಗಳಲ್ಲಿ ಇದನ್ನು ದುರ್ಬಳಕೆ ಮಾಡಬಹುದಿತ್ತು.

ಪರಿಶೀಲಕನಿಗೆ ಇದರಲ್ಲಿ ಮುಖ್ಯವಾದದ್ದು, ಲಾಕ್ ಇತ್ತು ಎಂಬುದು. ಪ್ರಕ್ರಿಯೆಯ ಮೆಮೊರಿ ನಕ್ಷೆಯನ್ನು ಕಾಯುವ ಸೆಮಫೋರನ್ನು (ಇದೂ ಒಂದು ಬಗೆಯ ಲಾಕ್) ಎರಡೂ ಥ್ರೆಡ್‌ಗಳು ಹಿಡಿದೇ ಇದ್ದವು, ಆದರೆ ಎರಡೂ ಓದುಗರಾಗಿ ಹಿಡಿದಿದ್ದವು. ಓದುಗರು ಒಬ್ಬರನ್ನೊಬ್ಬರು ತಡೆಯುವುದಿಲ್ಲ. ಪುಟದ ನಮೂದನ್ನು ಕಾಯುವ ಒಳಗಿನ ಲಾಕ್ ಪ್ರತಿ ಸುತ್ತಿನಲ್ಲೂ ಹಿಡಿದು ಬಿಟ್ಟು ಆಗುತ್ತಿತ್ತು. ಹಾಗಾಗಿ ಖಾಸಗಿ ಪ್ರತಿ ಆಗಿದೆ ಎಂಬ ಸುದ್ದಿ ಮುಂದಿನ ಸುತ್ತಿನ ಹೊತ್ತಿಗೆ ಹಳಸಿ ಹೋಗಿತ್ತು. ತಿದ್ದುಪಡಿಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಹೊಸ ಲಾಕ್ ಸೇರಿಸಲಿಲ್ಲ. ಬರೆಯುವ ಗುರುತನ್ನು ಅಳಿಸುವ ಬದಲು, ಪ್ರತಿ ಮಾಡುವ ಸುತ್ತು ಆಗಿದೆ ಎಂಬ ಬೇರೆಯೇ ಗುರುತನ್ನು ಇಟ್ಟು, ಸಿಕ್ಕ ಪುಟ ಆ ಪ್ರತಿಯೇ ಎಂದು ಪುಟದ ನಮೂದನ್ನು ನೋಡಿ ಖಚಿತಪಡಿಸಿಕೊಳ್ಳುವ ಹಾಗೆ ಮಾಡಿದರು. ಇದೇ ದೋಷವನ್ನು 11 ವರ್ಷ ಹಿಂದೆ ತಾವೇ ಕೆಟ್ಟದಾಗಿ ತಿದ್ದಲು ಹೋಗಿದ್ದಾಗಿಯೂ, ಆ ತಿದ್ದುಪಡಿಯನ್ನು ಬೇರೊಂದು ಪ್ರೊಸೆಸರ್ ಕುಟುಂಬದ ತೊಂದರೆಯಿಂದಾಗಿ ಹಿಂದೆಗೆಯಲಾಗಿತ್ತು ಎಂದೂ ಅವರು ಆ ಬದಲಾವಣೆಯ ಟಿಪ್ಪಣಿಯಲ್ಲಿ ದಾಖಲಿಸಿದ್ದಾರೆ. ರೇಸ್ ಎಂದರೆ ಅಂಥದ್ದು. ಗೊತ್ತಿದ್ದವರಿಗೂ ಗೊತ್ತಿದ್ದು, ಮರಳಿ ಬಂದು ಕೂತಿರುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ಜಾತಿಯಿದೆ. ಅದರಲ್ಲಿ ಲಾಕ್ ಏನೂ ಮಾಡಲಾರದು. ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಒಂದು ಬಳಕೆದಾರ ಪ್ರೋಗ್ರಾಂನ ಮೆಮೊರಿಯಿಂದ ಮೊದಲು ಉದ್ದವನ್ನು ಓದಿ ಪರೀಕ್ಷಿಸುತ್ತದೆ, ಬಳಿಕ ಇಡೀ ರಚನೆಯನ್ನು ಮತ್ತೊಮ್ಮೆ ನಕಲು ಮಾಡಿ ಅದರೊಳಗಿನ ಉದ್ದವನ್ನೇ ಬಳಸುತ್ತದೆ. ಎರಡು ಓದುಗಳ ನಡುವೆ ಪ್ರೋಗ್ರಾಂನ ಇನ್ನೊಂದು ಥ್ರೆಡ್ ಆ ಸಂಖ್ಯೆಯನ್ನು ಬದಲಿಸಬಹುದು, ಅದು ನಮ್ಮ ಲಾಕನ್ನು ಯಾಕಾದರೂ ಹಿಡಿದೀತು? ಒಮ್ಮೆ ಓದು, ಓದಿದ ನಕಲನ್ನೇ ಪರೀಕ್ಷಿಸು, ಪರೀಕ್ಷಿಸಿದ್ದನ್ನೇ ಬಳಸು ಎಂಬುದಷ್ಟೇ ಇದಕ್ಕೆ ಮದ್ದು.

ಲಾಕ್ ಏನನ್ನು ಕಾಯುತ್ತದೆ ಎಂಬುದು ಗೊತ್ತಾದ ಮೇಲೆ, ಯಾರಿಂದ ಕಾಯುತ್ತದೆ ಎಂಬ ಪ್ರಶ್ನೆ. ಇನ್ನೊಂದು ಸಿಪಿಯು ಎಲ್ಲರಿಗೂ ನೆನಪಿರುತ್ತದೆ, ಅದೇ ಸಿಪಿಯುವಿನಲ್ಲಿ ಬರುವ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ನಡುವೆ ತಡೆದು ಬರುವ ಕರೆ) ಮರೆತುಹೋಗುತ್ತದೆ. ಥ್ರೆಡ್ ಸ್ಪಿನ್‌ಲಾಕ್ ಹಿಡಿದಿರುವಾಗ ಅದೇ ಸಿಪಿಯುವಿಗೆ ಇಂಟರಪ್ಟ್ ಬಂದು, ಅದನ್ನು ನಿಭಾಯಿಸುವ ಹ್ಯಾಂಡ್ಲರ್ ಅದೇ ಲಾಕ್‌ಗೆ ಕಾಯತೊಡಗಿದರೆ, ಲಾಕ್ ಬಿಡಬೇಕಾದವನು ಹ್ಯಾಂಡ್ಲರ್‌ನ ಅಡಿಯಲ್ಲೇ ಸಿಕ್ಕಿಬಿದ್ದಿರುತ್ತಾನೆ. ಆದ್ದರಿಂದ ಇಂಟರಪ್ಟ್ ಹ್ಯಾಂಡ್ಲರ್ ಮುಟ್ಟುವ ಲಾಕನ್ನು ಉಳಿದವರು ಇಂಟರಪ್ಟ್ ತಡೆದೇ ಹಿಡಿಯಬೇಕು. ಹೊಸ ಹ್ಯಾಂಡ್ಲರ್ ಸೇರಿಸುವ ಪ್ಯಾಚ್‌ನಲ್ಲಿ ತಪ್ಪು ಹ್ಯಾಂಡ್ಲರ್‌ನಲ್ಲಿ ಇರುವುದಿಲ್ಲ. ಪ್ಯಾಚ್ ಮುಟ್ಟದೇ ಬಿಟ್ಟ ಹಳೆಯ ಸಾಲುಗಳಲ್ಲಿ ಇರುತ್ತದೆ, ಅವನ್ನು ಪ್ಯಾಚ್ ತೋರಿಸುವುದೇ ಇಲ್ಲ. 2024ರ ನವೆಂಬರಿನಲ್ಲಿ ಬಂದ 6.12 ಆವೃತ್ತಿಯಿಂದ, ನಿಗದಿತ ಸಮಯದೊಳಗೆ ಸ್ಪಂದಿಸಲೆಂದಿರುವ ರಿಯಲ್‌ಟೈಮ್ ಸಂರಚನೆ ಮುಖ್ಯ ಕರ್ನಲ್‌ನಲ್ಲೇ ಸಿಗುತ್ತಿರುವುದರಿಂದ ಇನ್ನೊಂದು ನಂಬಿಕೆಯನ್ನೂ ಬಿಡಬೇಕಾಗಿದೆ: ಆ ಸಂರಚನೆಯಲ್ಲಿ ಸಾಮಾನ್ಯ ಸ್ಪಿನ್‌ಲಾಕ್ ನಿದ್ರಿಸಬಲ್ಲದು, ಅದನ್ನು ಹಿಡಿದ ಮಾತ್ರಕ್ಕೆ ಪ್ರಿಎಂಪ್ಷನ್ (ಓಡುತ್ತಿರುವ ಕೆಲಸದಿಂದ ಸಿಪಿಯು ಕಸಿದು ಬೇರೆಯದಕ್ಕೆ ಕೊಡುವುದು) ನಿಲ್ಲುವುದಿಲ್ಲ. ಸ್ಪಿನ್‌ಲಾಕ್ ಹಿಡಿದಿದ್ದೇವೆ, ಆದ್ದರಿಂದ ಈ ಸಿಪಿಯುವಿನ ಖಾಸಗಿ ದತ್ತಾಂಶವೂ ಸುರಕ್ಷಿತ ಎಂದು ಬಾಯಿಬಿಟ್ಟು ಹೇಳದೆ ನಂಬಿದ್ದ ಕೋಡ್ ಅಲ್ಲಿ ಮುರಿಯುತ್ತದೆ.

ಡೆಡ್‌ಲಾಕ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಒಬ್ಬ ಮೊದಲ ಲಾಕ್ ಹಿಡಿದು ಎರಡನೆಯದಕ್ಕೆ, ಇನ್ನೊಬ್ಬ ಎರಡನೆಯದು ಹಿಡಿದು ಮೊದಲನೆಯದಕ್ಕೆ ಕಾಯುವ ಗಂಟನ್ನು ಯಂತ್ರವೇ ಹಿಡಿದುಕೊಡುತ್ತದೆ. ಇಂಗೋ ಮೋಲ್ನಾರ್ ತಂದ ಲಾಕ್‌ಡೆಪ್ ಎಂಬ ತಪಾಸಣೆ 2006ರಿಂದ, 2.6.18 ಆವೃತ್ತಿಯಿಂದ ಕರ್ನಲ್‌ನಲ್ಲಿದೆ. ಅದು ಬಿಡಿಬಿಡಿ ಲಾಕ್‌ಗಳನ್ನಲ್ಲ, ಲಾಕ್‌ಗಳ ವರ್ಗಗಳನ್ನು ನೋಡುತ್ತದೆ. ಎರಡು ಕ್ರಮಗಳು ಬೇರೆ ಬೇರೆ ದಿನ, ಬೇರೆ ಬೇರೆ ಥ್ರೆಡ್‌ಗಳಲ್ಲಿ ಒಮ್ಮೊಮ್ಮೆ ನಡೆದರೂ ಸಾಕು, ನಿಜವಾದ ಗಂಟು ಬೀಳದೆಯೇ ವರದಿ ಬರುತ್ತದೆ. ಇಂಟರಪ್ಟ್‌ನಲ್ಲಿ ಹಿಡಿದ ಲಾಕನ್ನು ಬೇರೆಡೆ ಇಂಟರಪ್ಟ್ ತಡೆಯದೆ ಹಿಡಿದರೂ ಹೇಳುತ್ತದೆ. ನಾನು ಅನುಮಾನಿಸುವುದು ಅದರ ಬಾಯಿ ಮುಚ್ಚಿಸುವ ಪ್ಯಾಚ್‌ಗಳನ್ನು. ಒಂದೇ ವರ್ಗದ ಎರಡು ಲಾಕ್‌ಗಳನ್ನು ಒಟ್ಟಿಗೆ ಹಿಡಿಯುವಾಗ ಇದು ಬೇರೆ ಮಟ್ಟದ್ದು ಎಂದು ಗುರುತಿಸಲು ಅವಕಾಶವಿದೆ, ಆ ಗುರುತಿಗೆ ಆಧಾರವಾದ ಕ್ರಮವೊಂದು ನಿಜವಾಗಿ ಇರಬೇಕು. ಕಡತವನ್ನು ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಸರಿಸುವ ಕೋಡ್ ಇದಕ್ಕೆ ಮಾದರಿ: ಇಡೀ ಫೈಲ್‌ಸಿಸ್ಟಂಗೆ ಒಂದೇ ಇರುವ ಮ್ಯೂಟೆಕ್ಸನ್ನು (ಸಿಗುವವರೆಗೆ ನಿದ್ರಿಸಿ ಕಾಯುವ ಲಾಕನ್ನು) ಮೊದಲು ಹಿಡಿದು ಡೈರೆಕ್ಟರಿಗಳ ಮರ ಅಲುಗಾಡದಂತೆ ಮಾಡಿಕೊಂಡು, ಅನಂತರ ಮರದಲ್ಲಿ ಮೇಲಿರುವ ಡೈರೆಕ್ಟರಿಯನ್ನು ಅದರ ಸಂತತಿಗಿಂತ ಮೊದಲು ಹಿಡಿಯುತ್ತದೆ. ಕ್ರಮ ಏನೆಂದು ಒಂದು ವಾಕ್ಯದಲ್ಲಿ ಹೇಳಲಾಗದೆ, ಎಚ್ಚರಿಕೆ ಬರುತ್ತಿತ್ತು ಆದ್ದರಿಂದ ಗುರುತು ಹಾಕಿದೆ ಎನ್ನುವ ಪ್ಯಾಚ್‌ಗೆ ಒಪ್ಪಿಗೆ ಇಲ್ಲ.

ಲಾಕ್ ಎಂಬ ಹೆಸರಿಲ್ಲದ ಲಾಕ್‌ಗಳನ್ನು ಮಾತ್ರ ಕಣ್ಣಿಟ್ಟು ಹುಡುಕಬೇಕು. ಟೈಮರ್ ಅಳಿಸಿ, ಅದರ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುವ ಕರೆಯನ್ನು, ಆ ಹ್ಯಾಂಡ್ಲರ್ ಹಿಡಿಯುವ ಲಾಕನ್ನೇ ಹಿಡಿದುಕೊಂಡು ಮಾಡಿದರೆ ಅಲ್ಲೂ ಗಂಟೇ. ಸಾಧನವನ್ನು ಕಳಚುವ ದಾರಿಗಳಲ್ಲಿ ಇದು ಮೇಲಿಂದ ಮೇಲೆ ಸಿಗುತ್ತದೆ. ಟೈಮರ್ ವರ್ಕ್‌ಕ್ಯೂಗೆ (ಆಮೇಲೆ ಮಾಡಬೇಕಾದ ಕೆಲಸಗಳ ಸಾಲಿಗೆ) ಕೆಲಸ ಹಚ್ಚುತ್ತದೆ, ಆ ಕೆಲಸ ಟೈಮರನ್ನು ಮತ್ತೆ ಹೂಡುತ್ತದೆ ಎಂಬ ಜೋಡಿಯಂತೂ ಇನ್ನೂ ಹಠಮಾರಿ: ಟೈಮರ್ ಮೊದಲು ಅಳಿಸಿದರೆ ಕೆಲಸ ಅದನ್ನು ಎಬ್ಬಿಸುತ್ತದೆ, ಕೆಲಸ ಮೊದಲು ನಿಲ್ಲಿಸಿದರೆ ಟೈಮರ್ ಅದನ್ನು ಹಚ್ಚುತ್ತದೆ. ಅಳಿಸಿದ ಮೇಲೆ ಮತ್ತೆ ಹೂಡಲು ಬಾರದಂತೆ ಮಾಡುವ ಟೈಮರ್ ಶಟ್‌ಡೌನ್ ಕರೆ 2023ರ 6.2 ಆವೃತ್ತಿಯಲ್ಲಿ ಬಂದದ್ದು ಈ ಕಾರಣಕ್ಕೇ. ಕಳಚುವ ಫಂಕ್ಷನ್ ಓದುವಾಗ ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೆಮೊರಿ ಬಿಡುಗಡೆಯ ಸಾಲಿನಿಂದ ಹಿಂದಕ್ಕೆ ನಡೆಯುತ್ತಾ, ಈ ವಸ್ತುವಿನ ವಿಳಾಸ ಬಲ್ಲವರು ಇನ್ನೂ ಯಾರಿದ್ದಾರೆ ಎಂದು ಒಬ್ಬೊಬ್ಬರನ್ನಾಗಿ ಹೊಡೆದುಹಾಕುತ್ತೇನೆ.

ಲಾಕ್ ಇಲ್ಲದೆ ಓದುವ ಕೋಡ್ ಬಂದಾಗ ಪ್ರತಿಸ್ಪರ್ಧಿಗಳ ಸಾಲಿಗೆ, ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲರ್ ಕೂಡ ಸೇರಿಕೊಳ್ಳುತ್ತದೆ. ಪಾಯಿಂಟರ್ ಸೊನ್ನೆಯಲ್ಲ ಎಂದು ಪರೀಕ್ಷಿಸಿ ಮುಂದಿನ ಸಾಲಿನಲ್ಲಿ ಬಳಸಿದರೆ, ಕಂಪೈಲರ್ ಅದನ್ನು ಮೆಮೊರಿಯಿಂದ ಎರಡು ಬಾರಿ ಓದಬಹುದು, ಎರಡನೆಯ ಓದಿಗೆ ಸೊನ್ನೆ ಸಿಗಬಹುದು. ರೀಡ್ ಒನ್ಸ್ ಎಂಬ ಮ್ಯಾಕ್ರೊ ಇದನ್ನು ತಡೆಯುತ್ತದೆ. ವಸ್ತುವಿನ ಫೀಲ್ಡ್‌ಗಳನ್ನು ತುಂಬಿಸಿ ಆಮೇಲೆ ಪಾಯಿಂಟರ್ ಪ್ರಕಟಿಸಿದರೂ, ಆರ್ಮ್‌ನಂಥ ಸಡಿಲ ಕ್ರಮದ ಪ್ರೊಸೆಸರ್‌ನಲ್ಲಿ ಇನ್ನೊಂದು ಸಿಪಿಯು ಪಾಯಿಂಟರನ್ನು ಮೊದಲು, ಫೀಲ್ಡ್‌ಗಳನ್ನು ಆಮೇಲೆ ಕಾಣಬಹುದು. ಎಕ್ಸ್86 ಯಂತ್ರ ಬರಹಗಳ ಕ್ರಮ ಕೆಡಿಸುವುದಿಲ್ಲವಾದ್ದರಿಂದ ಬರೆದವರ ಮೇಜಿನ ಮೇಲೆ ಅದು ಎಂದೂ ಕಾಣಿಸಿಕೊಳ್ಳುವುದಿಲ್ಲ. ಈ ಕ್ರಮವನ್ನು ಕಾಪಾಡುವ ಸೂಚನೆಗಳಾದ ಬ್ಯಾರಿಯರ್‌ಗಳು ಜೋಡಿಯಾಗಿಯೇ ಇರಬೇಕು, ಪ್ರಕಟಿಸುವವನ ಕಡೆ ಒಂದು, ಓದುವವನ ಕಡೆ ಒಂದು. ಟಿಪ್ಪಣಿಯಿಲ್ಲದ ಬ್ಯಾರಿಯರನ್ನು ಪ್ಯಾಚ್ ತಪಾಸಣೆಯ ಸ್ಕ್ರಿಪ್ಟೇ ಆಕ್ಷೇಪಿಸುತ್ತದೆ. ರೇಸ್‌ಗಳನ್ನು ಹುಡುಕುವ ಉಪಕರಣ ಕೆಸಿಸ್ಯಾನ್ 2020ರಲ್ಲಿ 5.8 ಆವೃತ್ತಿಯೊಂದಿಗೆ ಬಂದಾಗ ನನಗೆ ಸಂತೋಷವಾಗಿತ್ತು. ಅದು ಕೆಲವು ಮೆಮೊರಿ ಪ್ರವೇಶಗಳನ್ನು ಆಯ್ದು, ಕಾವಲಿಟ್ಟು, ಬೇಕೆಂದೇ ಸ್ವಲ್ಪ ತಡಮಾಡಿ, ಆ ಹೊತ್ತಿನಲ್ಲಿ ಬೇರೆ ಸಿಪಿಯು ಬಂದು ಮುಟ್ಟುತ್ತದೆಯೇ ಎಂದು ನೋಡುತ್ತದೆ. ಅದರ ವರದಿಗಳನ್ನು ಅಡಗಿಸಲೆಂದೇ ರೀಡ್ ಒನ್ಸ್ ಅಂಟಿಸುವ ಪ್ಯಾಚ್‌ಗಳು ಜೊತೆಗೇ ಬಂದವು. ಹಳೆಯ ಮೌಲ್ಯ ಸಿಕ್ಕರೆ ಏನಾಗುತ್ತದೆ ಎಂಬ ಉತ್ತರವಿಲ್ಲದ ಇಂಥ ಪ್ಯಾಚ್ ರೇಸನ್ನು ತಿದ್ದುವುದಿಲ್ಲ, ಅದು ಕಾಣದಂತೆ ಮಾಡುತ್ತದೆ.

ದೋಷದ ದಾರಿಯಲ್ಲಿ ಲಾಕ್ ಬಿಡಲು ಮರೆಯುವ ಹಳೆಯ ತಪ್ಪು ಕಡಿಮೆಯಾಗುತ್ತಿದೆ. 2023ರ 6.5 ಆವೃತ್ತಿಯಿಂದ ಗಾರ್ಡ್ ಎಂಬ ರಚನೆಯಿದ್ದು, ಬ್ಲಾಕ್ ಮುಗಿದಾಗ ಲಾಕ್ ತಾನೇ ಬಿಟ್ಟುಕೊಳ್ಳುತ್ತದೆ. ಅದರಿಂದ ಹುಟ್ಟಿದ ಹೊಸ ತಪ್ಪೂ ಒಂದಿದೆ: ಬ್ಲಾಕ್‌ನ ಒಳಗೇ ವಸ್ತುವನ್ನು ಬಿಡುಗಡೆ ಮಾಡಿ, ಬ್ಲಾಕ್‌ನ ಕೊನೆಯಲ್ಲಿ ಆ ವಸ್ತುವಿನೊಳಗಿದ್ದ ಲಾಕನ್ನೇ ಬಿಡಲು ಹೋಗುವುದು. ಬಿಡುವ ಸಾಲು ಕಣ್ಣಿಗೆ ಕಾಣದಿರುವುದು ಸುಖವೂ ಹೌದು, ನನ್ನಂಥ ಓದುಗನಿಗೆ ಅನನುಕೂಲವೂ ಹೌದು, ಏಕೆಂದರೆ ನಾನು ನಿಂತು ಪ್ರಶ್ನೆ ಕೇಳುತ್ತಿದ್ದ ಸಾಲೇ ಅದು.

ಕೆಲಸದ ವಿಧಾನ ಹೇಳಬೇಕೆಂದರೆ, ಈಗಲೂ ಹಾಳೆಯೊಂದನ್ನು ಎರಡು ಅಂಕಣಗಳಾಗಿ ಮಡಿಸಿಕೊಂಡು, ಎಡಕ್ಕೆ ಒಂದು ಥ್ರೆಡ್, ಬಲಕ್ಕೆ ಇನ್ನೊಂದನ್ನು ಬರೆಯುತ್ತೇನೆ. ಎಡಗಡೆಯ ಪ್ರತಿ ಲಾಕ್ ಬಿಡುವಿಕೆಯ ಕೆಳಗೆ ಬಲಗಡೆಯ ಇಡೀ ಮುಚ್ಚುವ ಫಂಕ್ಷನ್ ಓಡಿ ಮುಗಿಯಿತು ಎಂದು ಊಹಿಸಿ, ಎಡಗಡೆಯ ಮುಂದಿನ ಸಾಲು ಇನ್ನೂ ಅರ್ಥವುಳ್ಳದ್ದೇ ಎಂದು ನೋಡುತ್ತೇನೆ. ಎಂಟು ಸಾಲಿನ ಆ ಪ್ಯಾಚ್‌ಗೆ ಇದನ್ನು ಮಾಡಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು. ಅನುಮಾನವಿದ್ದರೆ ಆ ತೆರಪಿನಲ್ಲಿ ಬೇಕೆಂದೇ ಕೆಲವು ಮಿಲಿಸೆಕೆಂಡುಗಳ ವಿಳಂಬ ಸೇರಿಸಿ ಓಡಿಸುವುದೂ ಉಂಟು. ತಿಂಗಳಿಗೊಮ್ಮೆ ಬೀಳುತ್ತಿದ್ದ ಯಂತ್ರ ಆಗ ನಿಮಿಷದಲ್ಲಿ ಬೀಳುತ್ತದೆ.

ಆ ಡ್ರೈವರ್‌ನ ತಿದ್ದುಪಡಿ ಮೂರು ಬಾರಿ ನನ್ನ ಮುಂದೆ ಬಂತು. ಮೊದಲನೆಯದರಲ್ಲಿ, ಲಾಕ್ ಮತ್ತೆ ಹಿಡಿದ ಮೇಲೆ ಸಂಪರ್ಕದ ಸ್ಥಿತಿ ತೆರೆದಿದೆಯೇ ಎಂಬ ಪರೀಕ್ಷೆ ಸೇರಿತ್ತು. ಪರೀಕ್ಷೆಗಾಗಿ ಓದುತ್ತಿದ್ದದ್ದೇ ಬಿಡುಗಡೆಯಾದ ಮೆಮೊರಿಯನ್ನು. ಎರಡನೆಯದರಲ್ಲಿ ರೆಫರೆನ್ಸ್ ಎಣಿಕೆ ಬಂದಿತ್ತು: ಹುಡುಕುವಾಗ ಲಾಕ್‌ನ ಒಳಗೇ ಏರಿಕೆ, ಮೆಮೊರಿ ಪಡೆದ ಮೇಲೆ ಲಾಕ್ ಹಿಡಿದು ಸ್ಥಿತಿಯನ್ನೂ ಬಫರ್ ಇದೆಯೇ ಎಂಬುದನ್ನೂ ಹೊಸದಾಗಿ ಕೇಳಿ ಜೋಡಣೆ, ಅಲ್ಲೇ ಇಳಿಕೆ. ಹಾಳೆ ಮಡಿಸಿ ಕೂತಾಗ ಕಂಡದ್ದು, ಆ ಇಳಿಕೆಯೇ ಕೊನೆಯದಾದರೆ ಬಿಡುಗಡೆಯ ಫಂಕ್ಷನ್ ಸ್ಪಿನ್‌ಲಾಕ್‌ನ ಒಳಗೇ ಓಡುತ್ತದೆ, ಆ ಫಂಕ್ಷನ್ ಒಂದು ಮ್ಯೂಟೆಕ್ಸ್‌ಗೆ ಕಾಯುತ್ತದೆ, ಅಂದರೆ ನಿದ್ರಿಸುತ್ತದೆ ಎಂಬುದು. ಮೊದಲ ಪ್ಯಾಚ್ ಹುಟ್ಟಿದ್ದೇ ಸ್ಪಿನ್‌ಲಾಕ್ ಹಿಡಿದು ನಿದ್ರಿಸಬಾರದೆಂದು. ಮೂರನೆಯ ಆವೃತ್ತಿಯಲ್ಲಿ ಇಳಿಕೆಯ ಸಾಲು ಲಾಕ್ ಬಿಡುವ ಸಾಲಿನ ಕೆಳಕ್ಕೆ ಸರಿಯಿತು, ಸ್ಟ್ರಕ್ಟ್‌ನ ಲಾಕ್‌ನ ಪಕ್ಕದಲ್ಲಿ ಅದು ಕಾಯುವ ಮೂರು ಫೀಲ್ಡ್‌ಗಳ ಹೆಸರು ಬಂತು, ನಾನು ಒಪ್ಪಿಗೆ ಬರೆದೆ.